ಅಂಚು ಹಿಡಿಯದ ಬಾಣ

ನಂಬೋದಿಲ್ಲ ಅನ್ನೋರು ಎದುರಿಗೆ ಬಂದು ಹೇಳಿ: ಚೌಕ, ಬಾಣಗಳ ನಕ್ಷೆ ಬಿಡಿಸುವ ಆ್ಯಪಿನ ಬೀಟಾ, ಅಂದರೆ ಪ್ರಯೋಗದ, ಆವೃತ್ತಿಯಲ್ಲಿ ಬಂದಿಳಿದ ಹೊಸ ಬಾಣದಷ್ಟು ಜಂಬದ್ದು ಆ ಪರದೆಯ ಮೇಲೆ ಇನ್ನೊಂದಿರಲಿಲ್ಲ.

“ತಮ್ಮಾ, ನನ್ನ ಅಂಚು ಹಿಡಿದುಕೋ. ನಾನು ಸರಿದರೆ ನೀನೂ ಜೊತೆಗೆ ಬರ್ತೀಯ” ಎಂದಿತು ಹಳೆಯ ಚೌಕ.

“ನಿನ್ನ ಸೆರಗು ಹಿಡಿಯೋಕೆ ನಾನೇನು ಹಾಲು ಕುಡಿಯೋ ಕೂಸಾ, ಅಕ್ಕಾ? ಹೊಸಬ ನಾನು, ಎಲ್ಲಿ ಬೇಕಾದರೂ ಒಬ್ಬನೇ ನಿಲ್ತೀನಿ” ಎಂದಿತು ಬಾಣ.

ಅಷ್ಟರಲ್ಲಿ ನಕ್ಷೆ ಬಿಡಿಸುತ್ತಿದ್ದ ನೀಲವೇಣಿ ಚೌಕವನ್ನು ಮೂಲೆಗೆ ಎಳೆದಳು. ಬಾಣ ಖಾಲಿ ಜಾಗವನ್ನು ತೋರಿಸುತ್ತ ಅಲ್ಲೇ ಉಳಿಯಿತು. “ಇದ್ಯಾಕೆ ಇಲ್ಲಿದೆ?” ಎನ್ನುತ್ತ ಅವಳು ಅಳಿಸಲು ಹೊರಟಳು.

“ಅಕ್ಕಾ, ಕೂಸು ಅಂತಲೇ ಅಂದ್ಕೋ” ಎಂದಿತು ಬಾಣ, ಸಣ್ಣ ದನಿಯಲ್ಲಿ.

ಚೌಕ ನಗುತ್ತ ತನ್ನ ಅಂಚಿನಲ್ಲೊಂದು ಚುಕ್ಕಿ ಹೊಳೆಯಿಸಿತು. ಅದನ್ನು ಕಂಡ ನೀಲವೇಣಿ ಬಾಣದ ತುದಿಯನ್ನು ಅಲ್ಲಿಗೇ ಕೂಡಿಸಿದಳು.

ಕೊನೆಗೆ ಬಾಣಕ್ಕೆ ಸಿಕ್ಕಿದ್ದು ಅಕ್ಕನ ಅಂಚಿನಲ್ಲಿ ಒಂದು ಚುಕ್ಕಿಯಷ್ಟು ಜಾಗ.