ಬಾಗಿಲು ಹಾಕಿಟ್ಟ ಪಟ್ಟು

ಚೀನಾದ ಒಂದು ಪೇಟೆಯಲ್ಲಿ ಲುವೊ ಅಂತ ಒಬ್ಬ ಕುಂಗ್‌ಫು ಗುರು. ಅವನ ಹತ್ತಿರ ಒಂದು ಗುಟ್ಟಿನ ಪಟ್ಟು ಇತ್ತು. ಅಲ್ಲಿನ ಪದ್ಧತಿಯಂತೆ ಗುರುವಿಗೆ ಮಂಡಿಯೂರಿ ಚಹಾ ಕೊಟ್ಟು ಶಿಷ್ಯರಾದವರಿಗೂ ಹನ್ನೆರಡು ವರ್ಷ ಕಳೆದರೂ ಅದನ್ನು ಕಲಿಸಿರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಒಳಗೆ ಬಿಡುತ್ತಿದ್ದುದು ಗಂಜಿ ತರುವ ಅಡುಗೆಯವಳನ್ನು ಮಾತ್ರ. ಸೌಟು ಹಿಡಿಯುವವಳಿಗೆ ಏನು ತಿಳಿದೀತು ಎಂಬ ಧೈರ್ಯ!

ಒಂದು ದಿನ ಸಂತೆಯಲ್ಲಿ ಒಬ್ಬ ದಾಂಡಿಗ ಅವಳ ಬುಟ್ಟಿಗೆ ಕೈಹಾಕಿದ. ಮರುಗಳಿಗೆಯಲ್ಲಿ ಮೂಲಂಗಿ ರಾಶಿಯ ಮೇಲೆ ಅಂಗಾತ ಬಿದ್ದಿದ್ದ.

ಸುದ್ದಿ ಕೇಳಿದ ಲುವೊ ಅವಳನ್ನು ನ್ಯಾಯಾಧಿಕಾರಿಯ ಮುಂದೆ ಎಳೆತಂದ. “ಇವಳು ನಮ್ಮ ಮನೆತನದ ಪಟ್ಟು ಕದ್ದಿದ್ದಾಳೆ. ಇವಳ ಕೈ ಮುರಿಸಿ!”

ಅಡುಗೆಯವಳು ಕೈಮುಗಿದಳು. “ಕದ್ದ ಮಾಲು ಹೌದೋ ಅಲ್ಲವೋ ಹೋಲಿಸಿ ನೋಡಬೇಕಲ್ಲ, ಸ್ವಾಮಿ? ಗುರುಗಳು ಮೊದಲು ತಮ್ಮ ಪಟ್ಟು ಇಲ್ಲೇ ತೋರಿಸಲಿ. ಆಮೇಲೆ ನಾನು ನನ್ನದು ತೋರಿಸುತ್ತೇನೆ.”

“ಸರಿಯಾದ ಮಾತು,” ಎಂದರು ನ್ಯಾಯಾಧಿಕಾರಿ. “ತೋರಿಸಿ ಗುರುಗಳೇ, ನಿಧಾನವಾಗಿ.”

ಲುವೊ ಸುತ್ತ ನೋಡಿದ. ನೂರು ಜನ ಕತ್ತು ಚಾಚಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಅವನ ಶಿಷ್ಯರೇ ಇದ್ದರು, ಕಣ್ಣು ಮಿಟುಕಿಸದೆ. ಅವನು ಎತ್ತಿದ ಕೈ ಮೆಲ್ಲಗೆ ಇಳಿಯಿತು.

“ಅವಳು ಮಾಡಿದ್ದು... ನಮ್ಮ ಪಟ್ಟಲ್ಲ, ಬಿಡಿ.”

“ಎಲ್ಲರೂ ಕೇಳಿದಿರಲ್ಲ? ಹಾಗಾದರೆ ಅದು ನನ್ನದೇ,” ಎಂದಳು ಅಡುಗೆಯವಳು. “ನಾಳೆ ಬೆಳಿಗ್ಗೆ ಸಂತೆಮಾಳದಲ್ಲಿ ಕಲಿಸುತ್ತೇನೆ. ಯಾರು ಬೇಕಾದರೂ ಬನ್ನಿ.”

ಮರುದಿನ ಲುವೊ ಬಾಗಿಲು ಹಾಕಿಕೊಂಡು ಗಂಜಿಗೆ ಕಾದ. ಅಡುಗೆಯವಳು ಬರಲಿಲ್ಲ. ಶಿಷ್ಯರೂ ಬರಲಿಲ್ಲ. ಕೊನೆಗೆ ಹಸಿವು ತಾಳಲಾರದೆ ಬಾಗಿಲನ್ನು ಅವನೇ ತೆಗೆದ.