ಬಿರುಕಿನ ಮೇಲಿನ ಗಚ್ಚು

“ಗುರುಗಳೇ, ತಪ್ಪು ಮಾಡಿದವನು ಒಳಗೊಳಗೇ ನಾಚಿ ಬೇಯುತ್ತಿದ್ದರೆ ಅಷ್ಟು ಸಾಲದೇ? ಬಾಯಿಬಿಟ್ಟು ಹೇಳಲೇಬೇಕೇ?”

ಕೇಳಿದವನು ಶಿಷ್ಯ ತೋಂಟಯ್ಯ. ಮಠದ ನಂದಾದೀಪಕ್ಕೆ ಎಣ್ಣೆ ಎರೆಯುವ ಸರದಿ ಅವನದಾಗಿತ್ತು. ಮರೆತ. ದೀಪ ಆರಿತು. ಹಿರಿಯರು ಗದರಿಸಿ ಕೇಳಿದಾಗ ಅವನ ಬಾಯಿಂದ ಬಂದದ್ದು ಜೊತೆಯ ಶಿಷ್ಯ ಈರಭದ್ರನ ಹೆಸರು. ಈರಭದ್ರ ಜಗಳ ತೆಗೆಯಲಿಲ್ಲ. “ತೋಂಟಯ್ಯ ಸುಳ್ಳು ಹೇಳುವವನಲ್ಲ. ಸರದಿ ನನ್ನದೇ ಇದ್ದಿರಬೇಕು, ನಾನೇ ಮರೆತೆನೇನೋ” ಎಂದುಬಿಟ್ಟ. ಮಠ ಬಿಡಬೇಕೆಂದು ಅವನಿಗೆ ಅಪ್ಪಣೆಯಾಯಿತು. ಈಗ ಅವನು ಹೊರಗಿನ ಜಗಲಿಯಲ್ಲಿ ಗಂಟು ಕಟ್ಟುತ್ತಿದ್ದ. ತೋಂಟಯ್ಯನಿಗೆ ಅಂದಿನಿಂದ ಅನ್ನ ಸೇರುತ್ತಿರಲಿಲ್ಲ.

ಯಾರ ತಪ್ಪು, ಏನು ತಪ್ಪು ಎಂದು ಗುರು ಕೇಳಲಿಲ್ಲ. ಕತೆ ಹೇಳಿದರು.

ಕಡಲಾಚೆ, ಪಡುವಣ ದೇಶದಲ್ಲಿ ಒಂದು ಊರು. ಅಲ್ಲಿ ದೊಡ್ಡ ಇಗರ್ಜಿ ಕಟ್ಟುವುದೆಂದರೆ ಒಬ್ಬನ ಆಯುಸ್ಸಿಗೆ ಮುಗಿಯುವ ಕೆಲಸವಲ್ಲ. ಅಜ್ಜ ಪಾಯ ತೋಡಿದರೆ ಮೊಮ್ಮಗ ಚಾವಣಿ ಮುಚ್ಚುತ್ತಾನೆ. ನಮ್ಮ ಗುಡಿಗಳ ಹಾಗೆ ತೊಲೆಯ ಮೇಲೆ ಚಪ್ಪಡಿ ಹಾಸುವುದಿಲ್ಲ. ಕಂಬದಿಂದ ಕಂಬಕ್ಕೆ ಕಮಾನು ಎಬ್ಬಿಸಿ, ಎದುರುಬದುರಿನ ಕಮಾನುಗಳನ್ನು ನೆತ್ತಿಯಲ್ಲಿ ಒಂದು ಕಲ್ಲಿನಿಂದ ಬಿಗಿಯುತ್ತಾರೆ. ಆ ಚಾವಣಿಯ ಭಾರ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಗೋಡೆ ಬೀಳದಂತೆ ಹೊರಗಿನಿಂದ ಕಲ್ಲಿನ ಆನಿಕೆ ಕೊಡುತ್ತಾರೆ. ಆನಿಕೆ ಗಟ್ಟಿಯಿದ್ದರೆ ಗೋಡೆಯನ್ನೇ ತೆರೆದು ಆಳೆತ್ತರಕ್ಕೂ ಮೀರಿ ಬಣ್ಣದ ಗಾಜು ಕೂರಿಸಬಹುದು.

ಆ ಊರಿನ ಇಗರ್ಜಿಗೆ ಒಬ್ಬ ಮೇಸ್ತ್ರಿ ಇದ್ದ. ಕಂಬಗಳನ್ನು ಎಬ್ಬಿಸಿದ್ದು ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ. ಮುದುಕನಿಗೆ ಕಣ್ಣು ಮಂಜಾದ ಮೇಲೆ ಕರಣೆ ಇವನ ಕೈಗೆ ಬಂತು. ಅಷ್ಟರಲ್ಲಿ ಪಕ್ಕದ ಊರಿನವರು ತಮ್ಮ ಇಗರ್ಜಿ ಮುಗಿಸಿದ್ದರು. ಸಂತೆಯಲ್ಲಿ ಸಿಕ್ಕಾಗಲೆಲ್ಲ ಆಡಿಕೊಳ್ಳುತ್ತಿದ್ದರು: “ನಿಮ್ಮ ಇಗರ್ಜಿಗೆ ದೇವರು ಬರಬೇಕಾದರೆ ತಲೆ ಬಗ್ಗಿಸಿಕೊಂಡೇ ಬರಬೇಕು ಬಿಡ್ರಪ್ಪ!”

ಊರಿಗೆ ಚುರುಕೆಂದಿತು. ಮೇಸ್ತ್ರಿಗೂ ಚುರುಕೆಂದಿತು. ಹಳೆಯ ಮೇಸ್ತ್ರಿ ಹಾಕಿಕೊಟ್ಟ ಅಳತೆಗಿಂತ ಚಾವಣಿಯನ್ನು ಎತ್ತರಿಸಿದ. ಆನಿಕೆಗಳನ್ನು ಮಾತ್ರ ಹಾಗೇ ಬಿಟ್ಟ. ದಪ್ಪ ಮಾಡಿದರೆ ಗಾಜಿನ ಮೇಲೆ ನೆರಳು ಬೀಳುತ್ತಿತ್ತು. ಕೆಳಗಿನಿಂದ ಕಮಾನು ಹೊತ್ತಿದ್ದ ಮರಗಳನ್ನು ಬಿಚ್ಚಿದ ದಿನ ಚಾವಣಿ ನಿಂತಿತು. ಊರವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಮರುವರ್ಷದ ಚಳಿಗಾಲದಲ್ಲಿ ಒಂದು ಕಂಬದ ತಲೆಯ ಬಳಿ ಗೋಡೆ ಕೂದಲೆಳೆಯಷ್ಟು ಬಿರಿಯಿತು.

ಕಲ್ಲಿನ ಗೋಡೆ ಬಿರಿಯುವುದು ಅಲ್ಲಿ ದೊಡ್ಡ ಸುದ್ದಿಯಲ್ಲ. ಅದಕ್ಕೆ ಅವರಲ್ಲೊಂದು ಪದ್ಧತಿ ಉಂಟು. ಬಿರುಕಿನ ಮೇಲೆ ತಟ್ಟೆಯಗಲ ಸುಣ್ಣದ ಗಚ್ಚು ಮೆತ್ತುತ್ತಾರೆ. ಅದನ್ನು ಸಾಕ್ಷಿ ಎಂದು ಕರೆಯುತ್ತಾರೆ. ಅದು ಮುಚ್ಚುವುದಕ್ಕಲ್ಲ, ನೋಡುವುದಕ್ಕೆ. ಗಚ್ಚು ಹಾಗೇ ಉಳಿದರೆ ಗೋಡೆ ನೆಲೆ ನಿಂತಿತು ಎಂದರ್ಥ. ಸೀಳಿದರೆ ಗೋಡೆ ಇನ್ನೂ ಜರುಗುತ್ತಿದೆ. ಆಗ ಜನರನ್ನು ಹೊರಗೆ ಕಳಿಸಿ, ಮರದ ಆಸರೆ ಕೊಟ್ಟು, ಮೇಲಿನಿಂದ ಬಿಚ್ಚಿ ಕಟ್ಟಬೇಕು. ಪ್ರಾರ್ಥನೆಗೆ ಬಂದವರು ಮೊದಲು ಕತ್ತೆತ್ತಿ ಸಾಕ್ಷಿ ನೋಡುವರು, ಆಮೇಲೆ ಮಂಡಿಯೂರುವರು.

ಮೇಸ್ತ್ರಿ ಸಾಕ್ಷಿ ಮೆತ್ತಿದ. ಸ್ವಲ್ಪ ದಿನಕ್ಕೇ ಅದು ಸೀಳಿತು.

ಕಂಡವನು ಅವನೊಬ್ಬನೇ. ಹೆಗಲ ಮೇಲೆ ಹೊತ್ತವರಿಗೆ ಏನೆಂದು ಹೇಳುವುದು? ಸಂತೆಯಲ್ಲಿ ಯಾವ ಮುಖ ಹೊತ್ತು ತಿರುಗುವುದು? ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಗೋಡೆಯೊಳಗಿನ ಸುರುಳಿ ಮೆಟ್ಟಿಲು ಹತ್ತಿದ. ಒಡೆದ ಗಚ್ಚನ್ನು ಕೆರೆದು ಹೊಸದು ಮೆತ್ತಿದ. ಹಳೆಯದರ ಬಣ್ಣ ಬರಲೆಂದು ಮೇಣದಬತ್ತಿಯ ಮಸಿ ಸವರಿದ. ಅದೂ ಸೀಳಿತು. ಮತ್ತೆ ಮೆತ್ತಿದ. ಆಮೇಲೆ ಅದೇ ಅವನ ಕೆಲಸವಾಯಿತು.

ಅವನೇನು ಕಲ್ಲೆದೆಯವನಲ್ಲ. ನಾಚಿಕೆ ಅವನನ್ನು ಒಳಗಿನಿಂದ ಕೊರೆಯಿತು. ಮಾಂಸ ಬಿಟ್ಟ, ಮದ್ಯ ಬಿಟ್ಟ. ಎಲ್ಲರೂ ಎದ್ದು ಹೋದ ಮೇಲೂ ಮಂಡಿಯೂರಿಕೊಂಡೇ ಇರುತ್ತಿದ್ದ. ಪಾದ್ರಿಯವರು ಅವನನ್ನು ಜನರಿಗೆ ತೋರಿಸಿ, “ಇಷ್ಟು ಎತ್ತರ ಕಟ್ಟಿಯೂ ಎಷ್ಟು ತಗ್ಗಿ ನಡೆಯುತ್ತಾನೆ ನೋಡಿ” ಎಂದರು. ಅವನ ತಲೆ ಇನ್ನಷ್ಟು ತಗ್ಗಿತು. ಜನ ಇನ್ನಷ್ಟು ಮೆಚ್ಚಿದರು.

ಒಂದು ದಿನ ಹಳೆಯ ಮೇಸ್ತ್ರಿ ಕೋಲೂರಿಕೊಂಡು ಬಂದ. ಬಿರುಕಿನ ಕೆಳಗಿನ ಆ ಕಂಬದ ಬುಡದಲ್ಲಿ ಕೂರಬೇಕೆಂದು ಅವನ ಆಸೆ. ಗಾಜಿನ ಬಿಸಿಲು ಅಲ್ಲಿಯೇ ಬೀಳುತ್ತಿತ್ತು. ಕಾಣದಿದ್ದರೂ ಮೈಗೆ ಹಿತವಾಗುತ್ತಿತ್ತು.

“ಮಗಾ, ಮೇಲಿನದು ನನಗೆ ಕಾಣಿಸದು. ಸಾಕ್ಷಿ ಹೇಗಿದೆ?”

ಮೇಸ್ತ್ರಿ ಬಾಯಿ ತೆರೆದ. ಹೇಳಿಬಿಡಬೇಕೆಂದೇ ತೆರೆದ. ಊರೆಲ್ಲ ಬಿಟ್ಟು ಈತನೆದುರು ಚಿಕ್ಕವನಾಗುವುದೇ ಎನಿಸಿತು.

“ಗಟ್ಟಿಯಾಗಿದೆ, ಅಯ್ಯಾ.”

“ನಿನ್ನ ಕೈ ನನಗೆ ಗೊತ್ತಿಲ್ಲವೇನೋ! ಮುದುಕರ ಚಪಲ, ಕೇಳಿದೆ ಅಷ್ಟೆ” ಎಂದು ನಕ್ಕು, ಮುದುಕ ಕಂಬಕ್ಕೆ ಬೆನ್ನು ಕೊಟ್ಟು ಕುಳಿತ. ಮರುದಿನವೂ ಬಂದ. ಆ ಜಾಗ ಅವನದೇ ಆಯಿತು.

ಗಾಳಿ ಎದ್ದ ಒಂದು ಬೆಳಗ್ಗೆ ಚಾವಣಿ ಕುಸಿಯಿತು. ಆಗ ಒಳಗಿದ್ದವನು ಮುದುಕ ಒಬ್ಬನೇ.

ಊರು ಮೇಸ್ತ್ರಿಯನ್ನು ಬೈಯಲಿಲ್ಲ. “ನಿನ್ನೆ ನಾವೇ ಕಣ್ಣಾರೆ ನೋಡಿದ್ದೆವಲ್ಲ, ಸಾಕ್ಷಿ ನೆಟ್ಟಗಿತ್ತು. ನೀನಾದರೂ ಏನು ಮಾಡುತ್ತೀಯಪ್ಪ” ಎಂದು ಅವನನ್ನೇ ಸಮಾಧಾನ ಮಾಡಿತು. ಅವನು ಕಲ್ಲುರಾಶಿಯ ಮೇಲೆ ಬಿದ್ದು ಎದೆ ಬಡಿದುಕೊಂಡ. ಅಂದೂ ಅವನಿಗೆ ಹೇಳಲಾಗಲಿಲ್ಲ.

ಗುರು ಕತೆ ನಿಲ್ಲಿಸಿದರು. ತೋಂಟಯ್ಯ ಕೇಳಿದ:

“ಹಾಗಾದರೆ ಅವನ ನಾಚಿಕೆ ಸುಳ್ಳೇ, ಗುರುಗಳೇ?”

“ನಿಜವೇ, ಮಗು. ಅವನಿಗೆ ಗಚ್ಚು ಕಲಸಿ ಕೊಡುತ್ತಿದ್ದುದು ಆ ನಾಚಿಕೆಯೇ.”

ತೋಂಟಯ್ಯ ಎದ್ದು ಈರಭದ್ರನಿದ್ದ ಜಗಲಿಯತ್ತ ನಡೆದ.