ಹಸಿಮಣ್ಣಿನ ಸಿಪಾಯಿ

“ಗುರುಗಳೇ, ಆಟದಲ್ಲಿ ಸತ್ತವರನ್ನು ಮತ್ತೆ ಎಬ್ಬಿಸಬಹುದೇ?” ಎಂದು ಶಿಷ್ಯ ಕೇಳಿದ.

ಅವನು ಕತೆಯಾಟ ನಡೆಸುವವನು. ನಾಲ್ಕಾರು ಜನ ಸುತ್ತ ಕೂತು, ಒಬ್ಬೊಬ್ಬರೂ ಕತೆಯೊಳಗಿನ ಒಬ್ಬ ಮನುಷ್ಯನನ್ನು ತಮ್ಮವನೆಂದು ಇಟ್ಟುಕೊಂಡು, ಅವನ ಪರವಾಗಿ ಮಾತಾಡುವ ಆಟ ಅದು. ಕಾಡು, ಕೋಟೆ, ರಾಕ್ಷಸರು ಎಲ್ಲಿ ಹೇಗಿದ್ದಾರೆಂದು ಆಟ ನಡೆಸುವವನು ಹೇಳುತ್ತಾನೆ. ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುತ್ತದೆ. ಹಿಂದಿನ ದಿನ ಶಿಷ್ಯನ ಆಟದಲ್ಲಿ, ಆಡಲು ಬಂದಿದ್ದ ಒಬ್ಬ ಹೆಂಗಸಿನ ಪಾತ್ರ ಸತ್ತಿತ್ತು. ಉಳಿಸಿಕೊಡಿ ಎಂದು ಅವಳು ಅಂಗಲಾಚಿದ್ದಳು. ಶಿಷ್ಯ ಒಪ್ಪಿರಲಿಲ್ಲ. ಒಪ್ಪದೆ ಬಂದದ್ದು ಸರಿಯೇ ಎಂದು ಅವನಿಗೆ ತಿಳಿಯಬೇಕಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅಮಾವಾಸ್ಯೆಯ ದಿನ ಆ ಊರಿನ ನೇಕಾರರು ಮಗ್ಗ ಮುಟ್ಟುತ್ತಿರಲಿಲ್ಲ. ಆ ಮಧ್ಯಾಹ್ನ ಅವನ ಜಗಲಿಯ ಮೇಲೆ ಕತೆಯಾಟ ನಡೆಯುತ್ತಿತ್ತು. ಆಡಲು ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬ ಸೂಲಗಿತ್ತಿ, ಒಬ್ಬ ಕುಂಬಾರ ಬರುತ್ತಿದ್ದರು. ನೇಕಾರ ನಡೆಸುತ್ತಿದ್ದ.

ಅವರಲ್ಲಿ ಒಂದು ಕಟ್ಟಳೆಯಿತ್ತು. ಪ್ರತಿಯೊಂದು ಪಾತ್ರಕ್ಕೂ ಕುಂಬಾರ ಹೆಬ್ಬೆರಳುದ್ದದ ಮಣ್ಣಿನ ಗೊಂಬೆ ಮಾಡಿಕೊಡುತ್ತಿದ್ದ. ಅದನ್ನು ಸುಡುತ್ತಿರಲಿಲ್ಲ. ಪಾತ್ರ ಸತ್ತರೆ, ಆಡಿದವರೇ ತಮ್ಮ ಕೈಯಾರೆ ಗೊಂಬೆಯನ್ನು ನೀರಿನ ಬೋಗುಣಿಗೆ ಬಿಡಬೇಕು. ಹಸಿಮಣ್ಣು ಕರಗಿ ತಳ ಸೇರುವವರೆಗೆ ಯಾರೂ ಮಾತಾಡಬಾರದು. ಹದಿನೆಂಟು ವರ್ಷಗಳಲ್ಲಿ ಒಂಬತ್ತು ಗೊಂಬೆಗಳು ಕರಗಿದ್ದವು. ನೇಕಾರ ಒಬ್ಬರನ್ನೂ ಎಬ್ಬಿಸಿರಲಿಲ್ಲ.

ಆಟ ಶುರುವಾದ ಹತ್ತನೆಯ ವರ್ಷ, ಸೂಲಗಿತ್ತಿ ಆಡುತ್ತಿದ್ದ ಮಂತ್ರವಾದಿನಿ ಸತ್ತಳು. ಆ ವರ್ಷ ಸೂಲಗಿತ್ತಿಯ ಕೈಯಲ್ಲಿ ಮೂವರು ಬಾಣಂತಿಯರು ತೀರಿಕೊಂಡಿದ್ದರು. ಅವಳು ಗೊಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತುಬಿಟ್ಟಳು.

“ಇವಳೊಬ್ಬಳನ್ನಾದರೂ ಬಿಟ್ಟುಬಿಡಣ್ಣ. ದಿನಕ್ಕೆ ನೂರು ಸಲ ಕಡಿದ ಎಳೆಗೆ ಗಂಟು ಹಾಕುವವನು ನೀನು. ಇಲ್ಲೊಂದು ಗಂಟು ಹಾಕಲಾರೆಯಾ?”

“ಸತ್ತವರು ಎದ್ದು ಬರುವುದಾದರೆ ಬದುಕಿದ್ದವರು ಯಾತಕ್ಕೆ ಹೆದರಬೇಕು? ಹೆದರಿಕೆಯಿಲ್ಲದೆ ಆಡುವುದು ಎಂಥ ಆಟ?” ಎಂದ ನೇಕಾರ.

ಅವಳು ಮುಷ್ಟಿ ಬಿಚ್ಚಿದಳು. ಅವಳು ಮುಂದಿನ ಅಮಾವಾಸ್ಯೆಗೆ ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡರು. ಬಂದಳು. ಬೇರೊಂದು ಗೊಂಬೆ ಮಾಡಿಸಿಕೊಂಡಳು. ನೇಕಾರನಿಗೆ ತನ್ನ ನಿಷ್ಠುರತನದ ಬಗ್ಗೆ ಒಳಗೊಳಗೇ ಹೆಮ್ಮೆಯಾಯಿತು.

ಎಂಟು ವರ್ಷ ಕಳೆಯಿತು. ವ್ಯಾಪಾರಿಯ ಮೈ ಇಳಿಯತೊಡಗಿತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ವೈದ್ಯ ಅವನಿಗೆ ಅಜೀರ್ಣವೆಂದು ಹೇಳಿ ಕಷಾಯ ಕೊಟ್ಟ. ಅವನ ಹೆಂಡತಿಯನ್ನು ಹಿತ್ತಲಿಗೆ ಕರೆದು, ಬರುವ ಅಮಾವಾಸ್ಯೆ ದಾಟುತ್ತಾನೆ, ಅದರಾಚೆಯದನ್ನು ಕಾಣುವುದಿಲ್ಲ ಎಂದ.

ಅವಳು ನೇರ ನೇಕಾರನ ಮನೆಗೆ ಬಂದಳು.

“ಅಣ್ಣ, ನೀವು ಅವರ ಹಳೆಯ ಸ್ನೇಹಿತರು. ನಿಮ್ಮ ಕಣ್ಣಿಗೆ ಹೇಗೂ ಬೀಳುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಮಾವನವರಿಗೆ ವೈದ್ಯರು ಉಳಿದ ದಿನ ಹೇಳಿಬಿಟ್ಟಿದ್ದರು. ನಲವತ್ತು ದಿನ ಗೋಡೆಗೆ ಮುಖ ಮಾಡಿ ಕೂಗಿಕೊಂಡೇ ಪ್ರಾಣ ಬಿಟ್ಟರು. ಅದನ್ನು ಕಂಡು ಬೆಳೆದವರು ಇವರು. ಸಾವೆಂದರೆ ಇವರಿಗೆಷ್ಟು ಹೆದರಿಕೆಯೆಂದು ನಿಮಗೆ ಗೊತ್ತಲ್ಲ. ಈ ಉಳಿದ ದಿನ ಅವರಿಗೆ ತಿಳಿಯುವುದು ಬೇಡ. ಉಂಡು, ನಕ್ಕು ಹೋಗಲಿ.”

ನೇಕಾರ ಎದ್ದು ಹೋಗಿ ಮಗ್ಗದ ಮೇಲೆ ಕೈಯಿಟ್ಟ. “ನನ್ನ ಬಾಯಿಂದ ಒಂದಕ್ಷರ ಹೊರಡುವುದಿಲ್ಲಮ್ಮ” ಎಂದ.

ಅಮಾವಾಸ್ಯೆ ಬಂತು. ವ್ಯಾಪಾರಿ ಬಂದ. ಜಗಲಿಯ ಮೂರು ಮೆಟ್ಟಿಲು ಹತ್ತಲು ಎರಡು ಕಡೆ ನಿಂತ.

“ಈ ವೈದ್ಯನ ಕಷಾಯ ಭಾರಿ ಜೋರಪ್ಪ. ರೋಗ ಇಳಿಯುವ ಮೊದಲು ರೋಗಿಯೇ ಇಳಿಯುತ್ತಿದ್ದಾನೆ” ಎಂದು ತನ್ನ ಸಡಿಲ ಅಂಗಿಯನ್ನು ಹಿಡಿದು ತೋರಿಸಿದ. ಎಲ್ಲರೂ ನಕ್ಕರು. ನೇಕಾರನೂ ಕಷ್ಟಪಟ್ಟು ನಕ್ಕ.

ವ್ಯಾಪಾರಿಯ ಪಾತ್ರ ಒಬ್ಬ ಸಿಪಾಯಿ. ಹನ್ನೊಂದು ವರ್ಷದಿಂದ ಅವನದೇ. ಅಂದು ಕೋಟೆಯ ಬಾಗಿಲಲ್ಲಿ ಉಳಿದವರನ್ನೆಲ್ಲ ಒಳಗೆ ಬಿಟ್ಟು, ರಾಕ್ಷಸನೆದುರು ಸಿಪಾಯಿ ಒಬ್ಬನೇ ನಿಂತ. ದಾಳದಲ್ಲಿ ಒಂದು ಬಿಟ್ಟು ಏನು ಬಿದ್ದರೂ ಉಳಿಯುತ್ತಿದ್ದ. ವ್ಯಾಪಾರಿ ದಾಳ ಎಸೆದ. ಒಂದು ಬಿತ್ತು.

ಕುಂಬಾರ ಬೋಗುಣಿಯನ್ನು ಮುಂದಕ್ಕೆ ತಳ್ಳಿದ. ವ್ಯಾಪಾರಿ ಗೊಂಬೆಯನ್ನು ಎತ್ತಿಕೊಂಡ. ಅವನ ಮುಖದಲ್ಲಿ ದುಃಖವಿತ್ತು. ಹೆದರಿಕೆ ಇರಲಿಲ್ಲ.

“ಹೋಗಿ ಬಾರಪ್ಪ. ನನ್ನ ಹಾಗೆ ಪುಕ್ಕಲನಾಗಲಿಲ್ಲ ನೀನು” ಎಂದ.

ನೇಕಾರ ಆ ಕೈಯನ್ನು ನೋಡಿದ. ಚರ್ಮದ ಕೆಳಗೆ ಮೂಳೆಗಳನ್ನು ಎಣಿಸಬಹುದಿತ್ತು. ಆ ಕೈ ನೀರಿನ ಮೇಲೆ ಬಾಗುವುದನ್ನು ಅವನಿಂದ ನೋಡಲಾಗಲಿಲ್ಲ.

“ತಡಿ” ಎಂದ. “ಬಿಡಬೇಡ. ಬಾಗಿಲ ಪಕ್ಕದಲ್ಲೊಂದು ಬಾವಿಯಿದೆ. ಅದರ ನೀರು ಬಾಯಿಗೆ ಬಿದ್ದರೆ ಸತ್ತವನು ಏಳುತ್ತಾನೆ. ಒಳಗಿನವರು ಓಡಿ ಬಂದು ನೀರು ಬಿಟ್ಟರು. ಸಿಪಾಯಿ ಕಣ್ಣು ಬಿಟ್ಟ.”

ವ್ಯಾಪಾರಿ ಗೊಂಬೆಯನ್ನು ಎದೆಗೊತ್ತಿಕೊಂಡು ನಕ್ಕ. ಕುಂಬಾರ ಬೋಗುಣಿಯನ್ನು ಹಿಂದಕ್ಕೆಳೆದುಕೊಂಡ. ಸೂಲಗಿತ್ತಿ ಮಾತ್ರ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು.

“ಈ ಬಾವಿ ಯಾವಾಗ ತೋಡಿಸಿದೆಯಣ್ಣ?” ಎಂದಳು. “ನನ್ನವಳು ಸತ್ತಾಗ ಹನಿ ನೀರಿರಲಿಲ್ಲ. ಕುಂಬಾರ ಆಡುತ್ತಿದ್ದ ಕಳ್ಳ ಸತ್ತಾಗಲೂ ಇರಲಿಲ್ಲ. ಹದಿನೆಂಟು ವರ್ಷ ಒಣಗಿದ್ದ ಬಾವಿಗೆ ಈ ಸಾಹುಕಾರನ ಮುಖ ಕಂಡ ಕೂಡಲೇ ಸೆಲೆ ಒಡೆಯಿತೋ?”

ಅವಳಿಗೆ ಏನೂ ಗೊತ್ತಿರಲಿಲ್ಲ. ಚುಚ್ಚುವುದು ಅವಳ ಸ್ವಭಾವ. ಕುಂಬಾರ ಗಹಗಹಿಸಿ ನಕ್ಕ. ನೇಕಾರನೂ ನಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ತಲೆ ತಗ್ಗಿಸಿ, ಕಣ್ಣೆದುರೇ ಬಿದ್ದಿದ್ದ ದಾಳವನ್ನು ಹುಡುಕುವವನ ಹಾಗೆ ಚಾಪೆಯ ಮೇಲೆ ಕೈಯಾಡಿಸಿದ.

ವ್ಯಾಪಾರಿ ಅವನನ್ನೇ ನೋಡಿದ. ಮೂವತ್ತು ವರ್ಷ ಗಿರಾಕಿಯ ಮುಖ ನೋಡಿಯೇ ಬಟ್ಟೆಯ ಗಂಟು ಬಿಚ್ಚಿದವನು ಅವನು. ನಗು ಅವನ ತುಟಿಯ ಮೇಲೆ ಇನ್ನೂ ಇತ್ತು.

“ವೈದ್ಯರು ಎಷ್ಟು ದಿನ ಎಂದರು?” ಎಂದು ಮೆಲ್ಲಗೆ ಕೇಳಿದ.

“ಯಾವ ವೈದ್ಯರು?” ಎಂದ ನೇಕಾರ. ಆ ಮಾತು ಬರುವುದು ತಡವಾಗಿತ್ತು.

ಸೂಲಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವ್ಯಾಪಾರಿ ಗೊಂಬೆಯನ್ನು ಚಾಪೆಯ ಮೇಲಿಟ್ಟ. ಎದುರಿಗಿದ್ದ ಬೋಗುಣಿಯ ನೀರನ್ನು ನೋಡಲಾರದೆ ಮುಖ ತಿರುಗಿಸಿದ. ಕುಂಬಾರ ಅವನ ರಟ್ಟೆ ಹಿಡಿದು ಮನೆ ಮುಟ್ಟಿಸಬೇಕಾಯಿತು.

ಮತ್ತೆ ಇಪ್ಪತ್ಮೂರು ದಿನ ಅವನು ಬದುಕಿದ್ದ. ಉಣ್ಣಲಿಲ್ಲ. ಹೆಂಡತಿ ನೀರು ತರಲೆಂದು ಎದ್ದರೂ ಸೆರಗು ಹಿಡಿದು ಕೂಗಿಕೊಳ್ಳುತ್ತಿದ್ದ. ಗೋಡೆಗೆ ಮುಖ ಮಾಡಿ ಮಲಗಿದವನು ತನ್ನ ಅಪ್ಪನನ್ನು ಕರೆಯುತ್ತಿದ್ದ. ನೇಕಾರ ನೋಡಲು ಹೋದಾಗ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

“ಆ ಬಾವಿಯ ನೀರು ತರಿಸಪ್ಪ. ಒಂದು ಗುಟುಕು ಸಾಕು” ಎಂದ.

ಹೋದಾಗಲೆಲ್ಲ ಅದನ್ನೇ ಹೇಳಿದ. ನೇಕಾರ ಕೊನೆಯ ಐದು ದಿನ ಹೋಗಲಿಲ್ಲ.

ತಿಥಿ ಕಳೆದ ಮೇಲೆ ವ್ಯಾಪಾರಿಯ ಹೆಂಡತಿ ನೇಕಾರನ ಜಗಲಿಯ ಕೆಳಗೆ ಬಂದು ನಿಂತಳು. ಬೈಯಲಿಲ್ಲ.

“ನೀವು ಬಾಯಿ ಬಿಡಲಿಲ್ಲವೆಂದು ಸೂಲಗಿತ್ತಿ ಆಣೆಯಿಟ್ಟು ಹೇಳಿದಳು. ಹಾಗಾದರೆ ಅವರಿಗೆ ತಿಳಿದದ್ದು ಹೇಗಣ್ಣ?”

ಅವಳು ಸ್ವಲ್ಪ ಹೊತ್ತು ಕಾದು ಹೊರಟುಹೋದಳು. ಆ ಜಗಲಿಯ ಮೇಲೆ ಮತ್ತೆ ಆಟ ನಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟ. ಅವನ ಮನಸ್ಸು ಹಗುರವಾದಂತಿತ್ತು. “ಹಾಗಾದರೆ ನಾನು ಮಾಡಿದ್ದೇ ಸರಿ. ಅವನು ಒಂದು ದಿನ ಕರಗಿ ಕಟ್ಟಳೆ ಮುರಿದ, ಇಷ್ಟೆಲ್ಲ ಆಯಿತು. ನಾನು ಈವರೆಗೆ ಒಬ್ಬರನ್ನೂ ಎಬ್ಬಿಸಿಲ್ಲ” ಎಂದ.

“ಸೂಲಗಿತ್ತಿಯ ಮಂತ್ರವಾದಿನಿಯನ್ನು ಅವನು ಎಂಟು ವರ್ಷ ಮೊದಲೇ ಎಬ್ಬಿಸಿದ್ದರೆ, ಸಿಪಾಯಿ ಎದ್ದದ್ದು ಯಾರಿಗೂ ಹೊಸದೆನಿಸುತ್ತಿರಲಿಲ್ಲ. ಆ ವ್ಯಾಪಾರಿ ಅಂದು ನಗುತ್ತಲೇ ಮನೆಗೆ ಹೋಗುತ್ತಿದ್ದ” ಎಂದರು ಗುರುಗಳು.